ಮಳೆಗಾಲದ ಗ್ಯಾಲಕ್ಸಿ ಬೇಟೆ: ಸ್ಲೋನ್ ಸರ್ವೇಯಲ್ಲಿ ಡೇಟಾ ಮೈನಿಂಗ್‌ಗೊಂದು ಸಮಗ್ರ ಮಾರ್ಗದರ್ಶಿ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ ಬಂದರಿನ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ಕರಾವಳಿಯ ದೂರದರ್ಶಕಗಳ ರಜೆ ಅದಕ್ಕಿಂತ ಉದ್ದ. ಜೂನ್ ಮೊದಲ ವಾರ ಮೋಡ ಕವಿದರೆ ಸೆಪ್ಟೆಂಬರ್ ಮುಗಿಯುವ ತನಕ ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಒಂದು ಗಂಟೆ ಶುಭ್ರ ಆಕಾಶ ಸಿಕ್ಕಿದರೆ ಪುಣ್ಯ. ಕನ್ನಡಿಗೆ ಫಂಗಸ್ ಹಿಡಿಯದಂತೆ ಸಿಲಿಕಾ ಜೆಲ್ ಹಾಕಿ ದೂರದರ್ಶಕವನ್ನು ಮುಚ್ಚಿಡುವ ಈ ನಾಲ್ಕು ತಿಂಗಳು ಗ್ಯಾಲಕ್ಸಿಗಳ ಅಧ್ಯಯನಕ್ಕೆ ಹೇಳಿ ಮಾಡಿಸಿದ ಕಾಲ. ಬೇಕಾದ ಆಕಾಶವನ್ನೆಲ್ಲ ಬೇರೆಯವರು ಈಗಾಗಲೇ ಚಿತ್ರಿಸಿ, ಅಳೆದು, ಕೋಷ್ಟಕದಲ್ಲಿ ಬರೆದು, ಯಾರು ಬೇಕಾದರೂ ನೋಡಲಿ ಎಂದು ತೆರೆದಿಟ್ಟಿದ್ದಾರೆ.

ಆ ಕೋಷ್ಟಕದ ಹೆಸರು ಸ್ಲೋನ್ ಡಿಜಿಟಲ್ ಸ್ಕೈ ಸರ್ವೇ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಪಾಚೆ ಪಾಯಿಂಟ್ ವೀಕ್ಷಣಾಲಯದ 2.5 ಮೀಟರ್ ದೂರದರ್ಶಕ, 30 ಸಿಸಿಡಿಗಳ ಕ್ಯಾಮೆರಾ ಹೊತ್ತು, 2009ರ ಹೊತ್ತಿಗೆ ಆಕಾಶದ 14,555 ಚದರ ಡಿಗ್ರಿಯನ್ನು ಯು, ಜಿ, ಆರ್, ಐ, ಝಡ್ ಎಂಬ ಐದು ಫಿಲ್ಟರ್‌ಗಳಲ್ಲಿ ಚಿತ್ರಿಸಿ ಮುಗಿಸಿತು. ಇಡೀ ಆಕಾಶದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಚಿತ್ರದಲ್ಲಿ ಕಂಡ ಗ್ಯಾಲಕ್ಸಿಗಳಲ್ಲಿ ಆಯ್ದವುಗಳಿಗೆ ಲೋಹದ ತಟ್ಟೆಯಲ್ಲಿ ತೂತು ಕೊರೆದು, ಒಂದೊಂದು ತಟ್ಟೆಗೆ ಬೆಳಕು ಸಾಗಿಸುವ 640 ಫೈಬರ್ ಸಿಕ್ಕಿಸಿ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ದಾಖಲೆ, ತೆಗೆದರು. ಡೇಟಾಬೇಸ್ ತಜ್ಞ ಜಿಮ್ ಗ್ರೇ ಮತ್ತು ಖಗೋಳಜ್ಞ ಅಲೆಕ್ಸ್ ಸಾಲೈ ಸೇರಿ ಈ ಸಂಗ್ರಹವನ್ನು ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯಲ್ಲಿ ಪ್ರಶ್ನಿಸಬಹುದಾದ ಸ್ಕೈಸರ್ವರ್ ಎಂಬ ಜಾಲತಾಣವಾಗಿ ಕಟ್ಟಿದರು.

ಸುರತ್ಕಲ್, ಮಣಿಪಾಲ, ಕೊಣಾಜೆಯ ಕ್ಯಾಂಪಸ್‌ಗಳಲ್ಲಿ ಮೆಷಿನ್ ಲರ್ನಿಂಗ್ ಬಲ್ಲವರಿಗೆ ಕೊರತೆಯಿಲ್ಲ. ಅವರಲ್ಲಿ ಹೆಚ್ಚಿನವರು ಗ್ಯಾಲಕ್ಸಿ ದತ್ತಾಂಶವನ್ನು ತೆರೆದ ದಿನವೇ ಮಾಡೆಲ್ ಓಡಿಸುತ್ತಾರೆ, ಎರಡನೇ ದಿನ 97 ಶೇಕಡಾ ನಿಖರತೆ ಎಂದು ಬರೆಯುತ್ತಾರೆ. ಆ ಅಂಕಿಯಿಂದ ಗ್ಯಾಲಕ್ಸಿಯ ಬಗ್ಗೆ ಏನೂ ತಿಳಿಯದೇ ಹೋಗುವ ಸಾಧ್ಯತೆಯೇ ಹೆಚ್ಚು. ಮಲ್ಪೆಯಲ್ಲಿ ದೊಡ್ಡ ಮೀನಾದ ಅಂಜಲ್‌ನ ಬಲೆ ಎಳೆದು, ಅದರಲ್ಲಿ ಪುಟ್ಟ ಬೂತಾಯಿ ಇಲ್ಲದ್ದನ್ನು ನೋಡಿ ಸಮುದ್ರದಲ್ಲೇ ಬೂತಾಯಿ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಬಲೆಯ ಕಣ್ಣು ಎಷ್ಟು ದೊಡ್ಡದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಸರ್ವೇಗೂ ಇಂಥ ಕಣ್ಣಿದೆ, ಒಂದಲ್ಲ, ನಾಲ್ಕಾರು. ಈ ಮಾರ್ಗದರ್ಶಿಯ ಬಹುಪಾಲು ಆ ಕಣ್ಣುಗಳನ್ನು ಅಳೆಯುವುದರ ಬಗ್ಗೆಯೇ ಇದೆ. ಅಲ್ಗಾರಿದಂ ಕೆಲಸ ಅದರ ನಂತರ ಒಂದು ಸಂಜೆಯದು.

ಬೇಕಾದ ಸಾಮಾನು

8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಧಾರಾಳ ಸಾಕು. ಪೈಥಾನ್, ಅದರೊಳಗೆ ಪಾಂಡಾಸ್, ಆಸ್ಟ್ರೋಪೈ, ಸೈಕಿಟ್-ಲರ್ನ್, ಮ್ಯಾಟ್‌ಪ್ಲಾಟ್‌ಲಿಬ್. ಜೊತೆಗೆ ಟಾಪ್‌ಕ್ಯಾಟ್ ಎಂಬ ಉಚಿತ ತಂತ್ರಾಂಶ; ಲಕ್ಷಗಟ್ಟಲೆ ಸಾಲುಗಳ ಕೋಷ್ಟಕವನ್ನು ಕೋಡ್ ಬರೆಯದೆ ನೋಡಲು, ನಕ್ಷೆ ಎಳೆಯಲು ಅದರಷ್ಟು ಚುರುಕಾದದ್ದು ಇನ್ನೊಂದಿಲ್ಲ. ಇಂಟರ್ನೆಟ್ ಬಗ್ಗೆ ಚಿಂತೆ ಬೇಡ. ಒಂದು ಲಕ್ಷ ಗ್ಯಾಲಕ್ಸಿ, 25 ಕಾಲಂ ಎಂದರೆ ಸಿಎಸ್‌ವಿ ಕಡತ ಸುಮಾರು 25 ಎಂಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಇಳಿಯುತ್ತದೆ.

ಸ್ಕೈಸರ್ವರ್‌ನ ಎಸ್‌ಕ್ಯೂಎಲ್ ಪುಟಕ್ಕೆ ಖಾತೆ ಬೇಡ, ಆದರೆ ನಾವು ಸೂಚಿಸುವುದು ಅದೇ ಸಂಗ್ರಹದ ಕ್ಯಾಸ್‌ಜಾಬ್ಸ್ ತಾಣ. ಅಲ್ಲಿ ಉಚಿತ ಖಾತೆ ತೆರೆದರೆ ಪ್ರಶ್ನೆ ಅವರ ಸರ್ವರ್‌ನಲ್ಲೇ ಓಡಿ, ಉತ್ತರ ‘ಮೈಡಿಬಿ’ ಎಂಬ ನಿಮ್ಮದೇ ಜಾಗದಲ್ಲಿ ಉಳಿಯುತ್ತದೆ. ಗಾಳಿಮಳೆಗೆ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಮರುದಿನ ಇಳಿಸಿಕೊಂಡರಾಯಿತು. ಅಲ್ಲಿನ ‘ಕ್ವಿಕ್’ ಸಾಲಿನಲ್ಲಿ ಪ್ರಶ್ನೆಗೆ ಒಂದೇ ನಿಮಿಷದ ಅವಧಿ. ದೊಡ್ಡ ಜೋಡಣೆಗಳನ್ನು ‘ಸಬ್‌ಮಿಟ್’ ಒತ್ತಿ ಉದ್ದದ ಸಾಲಿಗೆ ಕಳಿಸಿ.

ಕೋಷ್ಟಕ ಮತ್ತು ಕಾಲಂಗಳ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಸ್ಕೈಸರ್ವರ್‌ನ ‘ಸ್ಕೀಮಾ ಬ್ರೌಸರ್’ ತೆರೆದಿಟ್ಟುಕೊಂಡು ಓದಿ. ಪ್ರತಿ ಕಾಲಂ ಏನು, ಯಾವ ಅಳತೆಮಾನ, ಎಲ್ಲವೂ ಅಲ್ಲಿದೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

‘ಗ್ಯಾಲಕ್ಸಿಗಳನ್ನು ವರ್ಗೀಕರಿಸುವುದು’ ಪ್ರಶ್ನೆಯಲ್ಲ. ಇಲ್ಲಿ ಹೀಗೊಂದನ್ನು ಹಿಡಿದು ಹೊರಡೋಣ: ಸುರುಳಿ ಗ್ಯಾಲಕ್ಸಿಗಳು ಸಾಮಾನ್ಯವಾಗಿ ನೀಲಿ, ದೀರ್ಘವೃತ್ತೀಯ ಗ್ಯಾಲಕ್ಸಿಗಳು ಸಾಮಾನ್ಯವಾಗಿ ಕೆಂಪು, ಈ ನಿಯಮ ಮೀರಿದ ಕೆಂಪು ಸುರುಳಿಗಳು ಮತ್ತು ನೀಲಿ ದೀರ್ಘವೃತ್ತಗಳು ಯಾವುವು, ಅವು ಎಂಥ ನೆರೆಹೊರೆಯಲ್ಲಿವೆ?

ನೀಲಿ ಎಂದರೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದರ್ಥ. ಬಿಸಿಯಾದ ದೊಡ್ಡ ನಕ್ಷತ್ರಗಳು ನೀಲಿ ಬೆಳಕು ಚೆಲ್ಲಿ, ಕೆಲವೇ ಕೋಟಿ ವರ್ಷಗಳಲ್ಲಿ ಸಾಯುತ್ತವೆ. ಹುಟ್ಟು ನಿಂತರೆ ಗ್ಯಾಲಕ್ಸಿ ಕೆಂಪಾಗುತ್ತದೆ. ಆಕಾರ ಬದಲಾಗದೆ ಹುಟ್ಟು ನಿಂತದ್ದು ಹೇಗೆ ಎಂಬುದನ್ನು ಕೆಂಪು ಸುರುಳಿಗಳು ಹೇಳಬಲ್ಲವು. ಹಾಗಾಗಿಯೇ ಈ ಅಪವಾದಗಳು ಸರಾಸರಿಗಿಂತ ಬೆಲೆಯುಳ್ಳವು.

ಹೆಜ್ಜೆ 2: ಬಲೆಯ ಕಣ್ಣುಗಳನ್ನು ಅಳೆಯಿರಿ

ಮೊದಲನೆಯದು ಕಾಂತಿಮಾನದ ಮಿತಿ. ಸ್ಲೋನ್‌ನ ‘ಮುಖ್ಯ ಗ್ಯಾಲಕ್ಸಿ ಮಾದರಿ’ಗೆ ಆರ್ ಫಿಲ್ಟರ್‌ನಲ್ಲಿ, ನಮ್ಮ ಆಕಾಶಗಂಗೆಯ ದೂಳಿನ ಪರಿಣಾಮ ಕಳೆದ ನಂತರ, 17.77 ಅಥವಾ ಅದಕ್ಕಿಂತ ಪ್ರಕಾಶಮಾನವಾದ (ಕಾಂತಿಮಾನದ ಸಂಖ್ಯೆ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು) ಗ್ಯಾಲಕ್ಸಿಗಳನ್ನು ಮಾತ್ರ ಆಯ್ದರು. ದೂರ ಹೋದಂತೆ ಮಂದ ಗ್ಯಾಲಕ್ಸಿಗಳು ಬಲೆಯಿಂದ ಜಾರುತ್ತವೆ, ದೊಡ್ಡವು ಮಾತ್ರ ಉಳಿಯುತ್ತವೆ. ಇದನ್ನು ಗಮನಿಸದೆ ‘ದೂರದ ಗ್ಯಾಲಕ್ಸಿಗಳು ಹೆಚ್ಚು ಪ್ರಕಾಶಮಾನ’ ಎಂದು ಬರೆದ ಪ್ರಾಜೆಕ್ಟ್ ವರದಿಗಳಿಗೆ ಲೆಕ್ಕವಿಲ್ಲ.

ಪರಿಹಾರ, ಗಾತ್ರಮಿತ ಮಾದರಿ: ಆಯ್ದ ದೂರದ ತನಕ ಒಂದೂ ಜಾರದಷ್ಟು ಪ್ರಕಾಶಮಾನವಾದವನ್ನೇ ಇಟ್ಟುಕೊಳ್ಳುವುದು. ಲೆಕ್ಕ ಹೀಗೆ. ಬ್ರಹ್ಮಾಂಡ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿಯುವ ಅಳತೆ ರೆಡ್‌ಶಿಫ್ಟ್; ಅದು ಹೆಚ್ಚಿದಷ್ಟೂ ದೂರ ಹೆಚ್ಚು. ಆ ದೂರ ಬೆಳಕನ್ನು ಎಷ್ಟು ಮಂದ ಮಾಡುತ್ತದೆ ಎಂಬುದು ದೂರದ ಮಾಡ್ಯುಲಸ್, ಅದನ್ನು ಕಳೆದರೆ ಸಿಗುವ ನಿಜವಾದ ಪ್ರಕಾಶ ನಿರಪೇಕ್ಷ ಕಾಂತಿಮಾನ. ಬ್ರಹ್ಮಾಂಡ ಹಿಗ್ಗುವ ದರವಾದ ಹಬಲ್ ಸ್ಥಿರಾಂಕ 70, ದ್ರವ್ಯದ ಪಾಲು 0.3 ಎಂದಿಟ್ಟರೆ ರೆಡ್‌ಶಿಫ್ಟ್ 0.08ರಲ್ಲಿ ದೂರದ ಮಾಡ್ಯುಲಸ್ ಸುಮಾರು 37.8. 17.77ರಿಂದ ಅದನ್ನು ಕಳೆದರೆ ನಿರಪೇಕ್ಷ ಕಾಂತಿಮಾನ -20.0. ರೆಡ್‌ಶಿಫ್ಟ್‌ನಿಂದ ಬೆಳಕು ಫಿಲ್ಟರ್‌ನೊಳಗೆ ಸರಿಯುವುದಕ್ಕೆ, ಅಂದರೆ ಕೆ-ತಿದ್ದುಪಡಿಗೆ, ಒಂದಿಷ್ಟು ಜಾಗ ಬಿಟ್ಟು -20.2ಕ್ಕೆ ಗೆರೆ ಎಳೆಯೋಣ. ಅದಕ್ಕಿಂತ ಪ್ರಕಾಶಮಾನವಾದವು 0.08ರ ತನಕ ಎಲ್ಲಿದ್ದರೂ ಕಾಂತಿಯ ಕಾರಣಕ್ಕೆ ಜಾರುವುದಿಲ್ಲ.

ಹತ್ತಿರದ ಗಡಿಯೂ ಬೇಕು. ನಮ್ಮ ಆಯ್ಕೆ 0.03. ತೀರಾ ಸಮೀಪದ ದೊಡ್ಡ ಗ್ಯಾಲಕ್ಸಿಗಳನ್ನು ಸ್ಲೋನ್‌ನ ತಂತ್ರಾಂಶ ಒಂದೇ ವಸ್ತು ಎಂದು ಗುರುತಿಸದೆ ಚೂರು ಚೂರು ಮಾಡುತ್ತದೆ: ಸುರುಳಿಯ ತೋಳಿನ ಒಂದು ಗಂಟು ಬೇರೆಯೇ ಗ್ಯಾಲಕ್ಸಿಯಾಗಿ ಕೋಷ್ಟಕ ಸೇರುತ್ತದೆ. ಇನ್ನೊಂದು ಕಾರಣ, ಗ್ಯಾಲಕ್ಸಿಗಳ ಸ್ವಂತ ಓಟ. ಸೆಕೆಂಡಿಗೆ 300 ಕಿ.ಮೀ. ಓಟ ರೆಡ್‌ಶಿಫ್ಟ್ 0.01ರಲ್ಲಿ ದೂರವನ್ನು 10 ಶೇಕಡಾ ಕೆಡಿಸುತ್ತದೆ, 0.03ರಲ್ಲಿ 3 ಶೇಕಡಾ ಮಾತ್ರ.

ಎರಡನೆಯ ಕಣ್ಣು ಫೈಬರ್ ಡಿಕ್ಕಿ. ಒಂದೇ ತಟ್ಟೆಯಲ್ಲಿ 55 ಆರ್ಕ್‌ಸೆಕೆಂಡ್‌ಗಿಂತ (ಡಿಗ್ರಿಯ 3600ನೇ ಪಾಲು ಒಂದು ಆರ್ಕ್‌ಸೆಕೆಂಡ್) ಹತ್ತಿರ ಎರಡು ಫೈಬರ್ ಸಿಕ್ಕಿಸಲಾಗದು. ಜೋಡಿ ಗ್ಯಾಲಕ್ಸಿಗಳಲ್ಲಿ, ದಟ್ಟ ಗುಚ್ಛಗಳ ನಡುವೆ, ಒಂದಕ್ಕೆ ರೋಹಿತ ಸಿಕ್ಕರೆ ಇನ್ನೊಂದಕ್ಕೆ ಸಿಗದೇ ಹೋಗುತ್ತದೆ. ನೆರೆಹೊರೆ ಅಳೆಯಲು ಹೊರಟವರಿಗೆ ನೇರವಾಗಿ ತಗಲುವ ಪೆಟ್ಟು ಇದು, ಏಕೆಂದರೆ ಕಳೆದುಹೋಗುವವು ಯಾದೃಚ್ಛಿಕವಲ್ಲ. ಎಲ್ಲಿ ಗುಂಪಿದೆಯೋ ಅಲ್ಲೇ ಕಳೆಯುತ್ತವೆ.

ಮೂರನೆಯದು ಫೈಬರಿನ ಅಗಲ, 3 ಆರ್ಕ್‌ಸೆಕೆಂಡ್. ರೆಡ್‌ಶಿಫ್ಟ್ 0.03ರಲ್ಲಿ ಅದು ಗ್ಯಾಲಕ್ಸಿಯ ನಡುವಿನ 1.8 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಸುಮಾರು 3,260 ಜ್ಯೋತಿರ್ವರ್ಷ) ಮಾತ್ರ ನೋಡುತ್ತದೆ, 0.08ರಲ್ಲಿ 4.5. ಸುರುಳಿಯೊಂದರ ಹಳೆಯ ಕೆಂಪು ಉಬ್ಬು ಮಾತ್ರ ಫೈಬರಿಗೆ ಬಿದ್ದರೆ, ತೋಳುಗಳ ತುಂಬ ನಕ್ಷತ್ರ ಹುಟ್ಟುತ್ತಿದ್ದರೂ ರೋಹಿತ ‘ಇಲ್ಲಿ ಹುಟ್ಟು ನಿಂತಿದೆ’ ಎನ್ನುತ್ತದೆ. ಹಾಗಾಗಿ ಕೆಂಪು ಸುರುಳಿಯನ್ನು ರೋಹಿತದಿಂದಲ್ಲ, ಇಡೀ ಗ್ಯಾಲಕ್ಸಿಯ ಬಣ್ಣದಿಂದಲೇ ಆಯಬೇಕು.

ನಾಲ್ಕನೆಯದು ಮೇಲ್ಮೈ ಕಾಂತಿಯ ಮಿತಿ. ಬೆಳಕು ತೆಳುವಾಗಿ ಹರಡಿದ ಗ್ಯಾಲಕ್ಸಿಗಳನ್ನು ಮುಖ್ಯ ಮಾದರಿ ಬಿಟ್ಟಿದೆ. -20.2ಕ್ಕಿಂತ ಪ್ರಕಾಶಮಾನವಾದವುಗಳಲ್ಲಿ ಅಂಥವು ಕಡಿಮೆ, ಈ ಪ್ರಶ್ನೆಗೆ ತೊಂದರೆಯಿಲ್ಲ.

ಹೆಜ್ಜೆ 3: ಪ್ರಶ್ನೆಯನ್ನು ಎಸ್‌ಕ್ಯೂಎಲ್‌ನಲ್ಲಿ ಬರೆಯಿರಿ

ಸದ್ಯಕ್ಕೆ ಮೂರು ಕೋಷ್ಟಕ ಸಾಕು. ಚಿತ್ರಗಳ ಅಳತೆಗೆ ‘ಫೋಟೋಆಬ್ಜ್’, ರೋಹಿತಕ್ಕೆ ‘ಸ್ಪೆಕ್‌ಆಬ್ಜ್’, ಆಕಾರಕ್ಕೆ ‘ಝೂಸ್ಪೆಕ್’. ಮೊದಲೆರಡನ್ನು ಸ್ಪೆಕ್‌ಆಬ್ಜ್‌ನ ‘ಬೆಸ್ಟ್‌ಆಬ್ಜ್‌ಐಡಿ’ ಮತ್ತು ಫೋಟೋಆಬ್ಜ್‌ನ ‘ಆಬ್ಜ್‌ಐಡಿ’ ಹೊಂದಿಸಿ ಒಳಜೋಡಣೆ (ಎರಡೂ ಕಡೆ ಇರುವ ಸಾಲುಗಳನ್ನಷ್ಟೇ ಉಳಿಸುವ ಜೋಡಣೆ) ಮಾಡಿ. ಝೂಸ್ಪೆಕ್ ಅನ್ನು ಎಡಜೋಡಣೆಯಾಗಿ, ಅಂದರೆ ಹೊಂದಿಕೆ ಸಿಗದ ಸಾಲೂ ಉಳಿಯುವಂತೆ, ಸೇರಿಸಿ. ಒಳಜೋಡಣೆ ಮಾಡಿದರೆ ಆಕಾರದ ಮತ ಬೀಳದ ಗ್ಯಾಲಕ್ಸಿಗಳು ಸದ್ದಿಲ್ಲದೆ ಮಾಯವಾಗುತ್ತವೆ.

ಷರತ್ತುಗಳು: ‘ಕ್ಲಾಸ್’ ಗ್ಯಾಲಕ್ಸಿ ಆಗಿರಬೇಕು, ‘ಝಡ್‌ವಾರ್ನಿಂಗ್’ 0 ಇರಬೇಕು, ರೆಡ್‌ಶಿಫ್ಟ್ 0.03ರಿಂದ 0.08, ‘ಪೆಟ್ರೋಮ್ಯಾಗ್_ಆರ್’ನಿಂದ ‘ಎಕ್ಸ್‌ಟಿಂಕ್ಷನ್_ಆರ್’ ಕಳೆದರೆ 17.77ಕ್ಕಿಂತ ಕಡಿಮೆ. ಇನ್ನೊಂದು ಷರತ್ತನ್ನು ಬಹಳ ಮಂದಿ ಮರೆಯುತ್ತಾರೆ. ಸ್ಪೆಕ್‌ಆಬ್ಜ್‌ನಲ್ಲಿ ಬೇರೆ ಬೇರೆ ಉದ್ದೇಶಕ್ಕೆ ತೆಗೆದ ರೋಹಿತಗಳೂ ಕಲಬೆರಕೆಯಾಗಿವೆ. ‘ಲೆಗಸಿ_ಟಾರ್ಗೆಟ್1’ ಕಾಲಂನಲ್ಲಿ 64, 128, 256 ಈ ಮೂರು ಬಿಟ್‌ಗಳಲ್ಲಿ ಒಂದಾದರೂ ಇದೆಯೇ ಎಂದು 448ರ ಜೊತೆ ಬಿಟ್‌ವೈಸ್ ‘ಆ್ಯಂಡ್’ ಮಾಡಿ ನೋಡಿದರೆ ಮುಖ್ಯ ಮಾದರಿಯವು ಮಾತ್ರ ಉಳಿಯುತ್ತವೆ. ಇಲ್ಲದಿದ್ದರೆ ನಿಮ್ಮ ಬಲೆ ಯಾವುದೆಂದು ನಿಮಗೇ ಗೊತ್ತಿರುವುದಿಲ್ಲ.

ತೆಗೆದುಕೊಳ್ಳಬೇಕಾದ ಕಾಲಂಗಳು: ಆಬ್ಜ್‌ಐಡಿ, ಸ್ಪೆಕ್‌ಆಬ್ಜ್‌ಐಡಿ, ಆರ್‌ಎ, ಡೆಕ್ (ಇವೆರಡೂ ಆಕಾಶದಲ್ಲಿನ ಸ್ಥಾನ), ರನ್, ಪ್ಲೇಟ್, ಸ್ಪೆಕ್‌ಆಬ್ಜ್‌ನ ಝಡ್; ಯು, ಜಿ, ಆರ್ ಮೂರರಲ್ಲೂ ಮಾಡೆಲ್‌ಮ್ಯಾಗ್, ಅದರ ದೋಷ ಮತ್ತು ಎಕ್ಸ್‌ಟಿಂಕ್ಷನ್; ಆರ್‌ನಲ್ಲಿ ಪೆಟ್ರೋಮ್ಯಾಗ್, ಪೆಟ್ರೋಆರ್50, ಪೆಟ್ರೋಆರ್90, ಎಕ್ಸ್‌ಪ್‌ಎಬಿ, ಡೆವ್‌ಎಬಿ, ಫ್ರ್ಯಾಕ್‌ಡೆವ್; ಚಿತ್ರದ ಗುಣಮಟ್ಟಕ್ಕೆ ‘ಕ್ಲೀನ್’; ಝೂಸ್ಪೆಕ್‌ನ ಪಿ_ಇಎಲ್_ಡಿಬಯಸ್ಡ್, ಪಿ_ಸಿಎಸ್_ಡಿಬಯಸ್ಡ್, ಪಿ_ಎಡ್ಜ್, ಪಿ_ಎಂಜಿ, ಎನ್‌ವೋಟ್.

ಇಲ್ಲೊಂದು ಗುಂಡಿಯಿದೆ. ‘ಝಡ್’ ಎಂಬ ಕಾಲಂ ಎರಡೂ ಕಡೆ ಇದೆ: ಫೋಟೋಆಬ್ಜ್‌ನಲ್ಲಿ ಅದು ಝಡ್ ಫಿಲ್ಟರ್‌ನ ಕಾಂತಿಮಾನ, ಸ್ಪೆಕ್‌ಆಬ್ಜ್‌ನಲ್ಲಿ ರೆಡ್‌ಶಿಫ್ಟ್. ಕೋಷ್ಟಕದ ಹೆಸರು ಮುಂದಿಟ್ಟೇ ಬರೆಯಿರಿ, ಹೊರಬರುವಾಗ ‘ರೆಡ್‌ಶಿಫ್ಟ್’ ಎಂದು ಹೆಸರು ಬದಲಿಸಿ. 0.05 ಬರಬೇಕಾದ ಜಾಗದಲ್ಲಿ 16 ಬಂದಿದ್ದರೆ ಏನಾಗಿದೆ ಎಂದು ತಿಳಿಯಿತಲ್ಲ.

ಇಳಿಸುವ ಮೊದಲು ‘ಕೌಂಟ್’ ಹಾಕಿ ಎಷ್ಟು ಸಾಲೆಂದು ನೋಡಿ, ಒಂದೊಂದೇ ಷರತ್ತು ಸೇರಿಸುತ್ತ ಸಂಖ್ಯೆ ಎಷ್ಟು ಇಳಿಯಿತೆಂದು ಬರೆದಿಟ್ಟುಕೊಳ್ಳಿ. ಪ್ರಯೋಗಕ್ಕೆಂದು ‘ಟಾಪ್ 10000’ ಹಾಕಿ ಅದನ್ನೇ ಮಾದರಿ ಎಂದುಕೊಳ್ಳಬೇಡಿ. ಟಾಪ್ ಕೊಡುವುದು ಯಾದೃಚ್ಛಿಕ ಹತ್ತು ಸಾವಿರವನ್ನಲ್ಲ, ಸರ್ವರ್‌ಗೆ ಮೊದಲು ಸಿಕ್ಕಿದ್ದನ್ನು. ಅದು ಆಕಾಶದ ಒಂದೇ ಮೂಲೆಯಿಂದ ಬಂದಿರಬಹುದು, ಆ ಮೂಲೆಯಲ್ಲೊಂದು ಗುಚ್ಛ ಇದ್ದರೆ ಬಣ್ಣವೆಲ್ಲ ಕೆಂಪಿಗೆ ವಾಲುತ್ತದೆ. ಯಾವ ಡೇಟಾ ರಿಲೀಸ್ ಎಂಬುದನ್ನೂ ಮೊದಲೇ ನಿರ್ಧರಿಸಿ. 17ನೇ ಬಿಡುಗಡೆಯಾದ ಡಿಆರ್17ರಲ್ಲಿ ಮೇಲಿನ ಮೂರೂ ಕೋಷ್ಟಕಗಳಿವೆ. ನಡುವೆ ಬದಲಿಸಬೇಡಿ.

ಹೆಜ್ಜೆ 4: ಜರಡಿ ಹಿಡಿಯುವುದು

ಆಬ್ಜ್‌ಐಡಿ 19 ಅಂಕೆಗಳ ಸಂಖ್ಯೆ. ಎಕ್ಸೆಲ್ 15 ಅಂಕೆಯ ನಂತರ ಎಲ್ಲವನ್ನೂ ಸೊನ್ನೆ ಮಾಡುತ್ತದೆ. ಪಾಂಡಾಸ್‌ನಲ್ಲೂ, ಜೋಡಣೆಯಲ್ಲಿ ಖಾಲಿ ಜಾಗ ಉಂಟಾದರೆ ಪೂರ್ಣಾಂಕದ ಕಾಲಂ ದಶಮಾಂಶವಾಗಿ ಬದಲಾಗಿ ಕೊನೆಯ ಅಂಕೆಗಳು ಕೆಡುತ್ತವೆ. ದೋಷಸಂದೇಶವೇ ಬರುವುದಿಲ್ಲ, ಒಂದು ಗ್ಯಾಲಕ್ಸಿಯ ಬಣ್ಣ ಇನ್ನೊಂದರ ಆಕಾರಕ್ಕೆ ಅಂಟಿಕೊಳ್ಳುತ್ತದೆ. ಎರಡೂ ಐಡಿಗಳನ್ನು ಅಕ್ಷರರೂಪದಲ್ಲಿ, ಅಂದರೆ ಸ್ಟ್ರಿಂಗ್ ಆಗಿ ಓದಿಸಿ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಲೇಬೇಡಿ.

ಅಳತೆ ಸಿಗದ ಕಡೆ ಸ್ಲೋನ್ -9999 ಎಂದು ತುಂಬುತ್ತದೆ. ಅದನ್ನು ಖಾಲಿ ಎಂದು ಬದಲಿಸದೆ ಸರಾಸರಿ ತೆಗೆದರೆ, ಅಥವಾ ಗುಂಪು ಮಾಡುವ ಕೆ-ಮೀನ್ಸ್ ವಿಧಾನ ಓಡಿಸಿದರೆ, ನಿಮಗೆ ಸಿಗುವ ಅತ್ಯಂತ ಸ್ಪಷ್ಟ ‘ಹೊಸ ಬಗೆಯ ಗ್ಯಾಲಕ್ಸಿ’ ಇದೇ ಆಗಿರುತ್ತದೆ.

ಕಾಂತಿಮಾನಗಳಲ್ಲಿ ಎರಡು ಬಗೆ ಏಕೆ ಎಂಬುದು ಮುಖ್ಯ. ಒಟ್ಟು ಬೆಳಕಿಗೆ ಪೆಟ್ರೋಸಿಯನ್ ಕಾಂತಿಮಾನ ಬಳಸಿ. ದೂರ ಬದಲಾದರೂ ಅದು ಗ್ಯಾಲಕ್ಸಿಯ ಒಂದೇ ಪಾಲನ್ನು ಅಳೆಯುವಂತೆ ರಚಿಸಿದ್ದು. ಬಣ್ಣಕ್ಕೆ ಮಾಡೆಲ್ ಕಾಂತಿಮಾನ ಬಳಸಿ. ಐದೂ ಫಿಲ್ಟರ್‌ಗೆ ಒಂದೇ ಆಕಾರ ಹೊಂದಿಸಿ ಅಳೆದ ಕಾರಣ ವ್ಯತ್ಯಾಸ ತೆಗೆದರೆ ಅಳತೆಯ ಏರುಪೇರು ಕಡಿಮೆ. ‘ಡಿರೆಡ್_ಆರ್’ ಎಂಬ ಸಿದ್ಧ ಕಾಲಂ ಮಾಡೆಲ್‌ನಿಂದ ದೂಳಿನ ಪಾಲು ಕಳೆದದ್ದು, ಪೆಟ್ರೋಸಿಯನ್‌ನಿಂದಲ್ಲ. 17.77ರ ಗೆರೆ ಪೆಟ್ರೋಸಿಯನ್‌ನದು. ಆದ್ದರಿಂದ ಕಳೆಯುವ ಲೆಕ್ಕವನ್ನು ಕೈಯಾರೆ ಮಾಡಲೇಬೇಕು.

ಯು ಫಿಲ್ಟರ್ ಬಗ್ಗೆ ಎಚ್ಚರ. ಅಲ್ಲಿ ಸಂವೇದನೆ ಕಡಿಮೆ, ಜೊತೆಗೆ ಫಿಲ್ಟರ್‌ನಲ್ಲಿ ಕೆಂಪು ಬೆಳಕು ಸ್ವಲ್ಪ ಸೋರುತ್ತದೆ. ಕೆಂಪು ಗ್ಯಾಲಕ್ಸಿಗಳಿಗೆ ಇದರಿಂದ ಹೆಚ್ಚು ತೊಂದರೆ. ಯು ದೋಷ 0.2ಕ್ಕಿಂತ ಹೆಚ್ಚಿದ್ದವನ್ನು ಗುರುತು ಮಾಡಿ, ತೆಗೆಯಬೇಡಿ. ಅಂಥ ಕಡೆ ಜಿ ಕಾಂತಿಮಾನದಿಂದ ಆರ್ ಕಳೆದ, ಅಂದರೆ ಜಿ ಕಳೆ ಆರ್ ಬಣ್ಣವನ್ನೂ ನೋಡಿ; ಈ ವ್ಯತ್ಯಾಸ ದೊಡ್ಡದಾದಷ್ಟೂ ಗ್ಯಾಲಕ್ಸಿ ಕೆಂಪು. ‘ಕ್ಲೀನ್’ 1 ಅಲ್ಲದವನ್ನೂ ಹಾಗೆಯೇ ಗುರುತು ಮಾಡಿಟ್ಟು, ಕೊನೆಯ ಫಲಿತಾಂಶ ಅವುಗಳಿದ್ದಾಗ, ಇಲ್ಲದಿದ್ದಾಗ ಎಷ್ಟು ಬದಲಾಗುತ್ತದೆ ಎಂದು ನೋಡಿ.

ನಂತರ ಆಸ್ಟ್ರೋಪೈನ ‘ಫ್ಲಾಟ್‌ಲ್ಯಾಂಬ್ಡಾಸಿಡಿಎಂ’ಗೆ 70, 0.3 ಕೊಟ್ಟು ಪ್ರತಿ ಗ್ಯಾಲಕ್ಸಿಯ ದೂರ ಮಾಡ್ಯುಲಸ್ ತೆಗೆದು, ‘ಕೆ-ಕರೆಕ್ಟ್’ ತಂತ್ರಾಂಶದಿಂದ ಕೆ-ತಿದ್ದುಪಡಿ ಮಾಡಿ, -20.2ರ ಗೆರೆ ಹಾಕಿ. ಆರ್‌ನಲ್ಲಿ ಈ ತಿದ್ದುಪಡಿ ಚಿಕ್ಕದು. ಯು ಕಳೆ ಆರ್ ಬಣ್ಣದಲ್ಲಿ ಮಾತ್ರ 0.1ಕ್ಕಿಂತ ಹೆಚ್ಚು ಜಾರಬಹುದು, ಬಿಡುವಂತಿಲ್ಲ.

ಹೆಜ್ಜೆ 5: ಮಾಡೆಲ್‌ಗೂ ಮೊದಲು ಕಣ್ಣು

ಟಾಪ್‌ಕ್ಯಾಟ್‌ನಲ್ಲಿ ಅಡ್ಡಕ್ಕೆ ನಿರಪೇಕ್ಷ ಕಾಂತಿಮಾನ, ಉದ್ದಕ್ಕೆ ಯು ಕಳೆ ಆರ್ ಇಟ್ಟು ಸಾಂದ್ರತೆಯ ನಕ್ಷೆ ಎಳೆಯಿರಿ. ಎರಡು ದಿಬ್ಬ ಕಾಣಬೇಕು: ಮೇಲೆ ಕಿರಿದಾದ ಕೆಂಪು ಪಟ್ಟಿ, ಕೆಳಗೆ ಹರಡಿದ ನೀಲಿ ಮೋಡ, ನಡುವೆ ತೆಳ್ಳಗಿನ ಹಸಿರು ಕಣಿವೆ. 2001ರಲ್ಲಿ ಸ್ಲೋನ್‌ನ ಮೊದಮೊದಲ ದತ್ತಾಂಶದಲ್ಲೇ ಈ ಇಬ್ಭಾಗ ಯು ಕಳೆ ಆರ್ 2.22ರ ಸುಮಾರಿಗೆ ಕಂಡಿತ್ತು. ನಿಮ್ಮ ನಕ್ಷೆಯಲ್ಲಿ ಒಂದೇ ದಿಬ್ಬ ಕಂಡರೆ ಮುಂದೆ ಹೋಗಬೇಡಿ; ದೂಳು ಕಳೆಯುವಾಗ ಚಿಹ್ನೆ ತಪ್ಪಿರಬಹುದು, ಐಡಿ ಕೆಟ್ಟಿರಬಹುದು.

ಎರಡನೇ ನಕ್ಷೆ ಸಾಂದ್ರತಾ ಸೂಚಿಯದು: ಪೆಟ್ರೋಆರ್90 ಭಾಗಿಸು ಪೆಟ್ರೋಆರ್50, ಅಂದರೆ ಬೆಳಕಿನ 90 ಶೇಕಡಾ ಅಡಗಿರುವ ತ್ರಿಜ್ಯವನ್ನು 50 ಶೇಕಡಾ ಅಡಗಿರುವ ತ್ರಿಜ್ಯದಿಂದ ಭಾಗಿಸಿದ್ದು. ಬೆಳಕು ನಡುವೆ ಒತ್ತಾಗಿರುವ ದೀರ್ಘವೃತ್ತಗಳಲ್ಲಿ ಇದು ದೊಡ್ಡದು, ಹರಡಿದ ಸುರುಳಿಗಳಲ್ಲಿ ಚಿಕ್ಕದು, 2.6 ಸ್ಥೂಲ ಗಡಿ. ಆದರೆ ಅಪಾಚೆ ಪಾಯಿಂಟ್‌ನ ವಾತಾವರಣ ನಕ್ಷತ್ರವನ್ನೂ ಸುಮಾರು 1.3 ಆರ್ಕ್‌ಸೆಕೆಂಡ್ ಅಗಲಕ್ಕೆ ಹಿಗ್ಗಿಸುತ್ತದೆ. ಪೆಟ್ರೋಆರ್50 ಅದರ ಹತ್ತಿರಕ್ಕೆ ಬಂದರೆ ಒತ್ತಾದ ನಡುಭಾಗ ಮಸುಕಾಗಿ ಸೂಚಿ ತಗ್ಗುತ್ತದೆ, ದೀರ್ಘವೃತ್ತ ಸುರುಳಿಯಂತೆ ಕಾಣುತ್ತದೆ. ಆರ್50 2 ಆರ್ಕ್‌ಸೆಕೆಂಡ್‌ಗಿಂತ ಚಿಕ್ಕದಿರುವವನ್ನು ಬೇರೆ ಬಣ್ಣದಲ್ಲಿ ತೋರಿಸಿ ನೋಡಿ.

ಹೆಜ್ಜೆ 6: ಆಕಾರ ಕಲಿಸುವುದು

ಆಕಾರದ ಗುರುತು ಗ್ಯಾಲಕ್ಸಿ ಝೂ ಯೋಜನೆಯಿಂದ ಬಂದದ್ದು. 2007ರ ಜುಲೈನಲ್ಲಿ ಶುರುವಾದ ಇದರಲ್ಲಿ ಜಗತ್ತಿನ ಜನಸಾಮಾನ್ಯರು ಸುಮಾರು 9 ಲಕ್ಷ ಗ್ಯಾಲಕ್ಸಿಗಳ ಚಿತ್ರ ನೋಡಿ ಸುರುಳಿಯೋ ದೀರ್ಘವೃತ್ತವೋ ಎಂದು ಮತ ಹಾಕಿದರು. ರೋಹಿತವಿರುವ ಸುಮಾರು 6.68 ಲಕ್ಷ ಗ್ಯಾಲಕ್ಸಿಗಳ ಮತಗಳು ಝೂಸ್ಪೆಕ್‌ನಲ್ಲಿವೆ. ದೂರದ ಗ್ಯಾಲಕ್ಸಿಯ ತೋಳು ಮಸುಕಾಗಿ ದೀರ್ಘವೃತ್ತದಂತೆ ತೋರುವ ದೋಷವನ್ನು ಸರಿಪಡಿಸಿದ್ದೇ ‘ಡಿಬಯಸ್ಡ್’ ಕಾಲಂಗಳು. ಅವನ್ನೇ ಬಳಸಿ.

0.8ಕ್ಕಿಂತ ಹೆಚ್ಚಿನ ಒಮ್ಮತ ಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಗ್ಯಾಲಕ್ಸಿಗಳು ‘ಅನಿಶ್ಚಿತ’ದಲ್ಲಿ ಉಳಿಯುತ್ತವೆ. ಆ 97 ಶೇಕಡಾ ನಿಖರತೆಯ ಗುಟ್ಟು ಹೆಚ್ಚಾಗಿ ಇಲ್ಲೇ ಇರುತ್ತದೆ: ಯಾರು ನೋಡಿದರೂ ಹೇಳಬಹುದಾದ ಗ್ಯಾಲಕ್ಸಿಗಳಲ್ಲಿ ಕಲಿಸಿ ಅಂಥವುಗಳಲ್ಲೇ ಪರೀಕ್ಷಿಸಿದ್ದು. ಸ್ಪಷ್ಟವಾದವುಗಳಲ್ಲಿ ಕಲಿಸಿ, ಅಡ್ಡಿಯಿಲ್ಲ. ಪರೀಕ್ಷೆಯಲ್ಲಿ ಅನಿಶ್ಚಿತವೂ ಇರಲಿ, ಅಲ್ಲಿ ಮಾಡೆಲ್ ಕೊಡುವ ಸಂಭಾವ್ಯತೆಯನ್ನು ಮತಗಳ ಪಾಲಿನ ಜೊತೆ ಹೋಲಿಸಿ.

ಈಗ ಇಡೀ ಕೆಲಸದ ಅತಿ ಸೂಕ್ಷ್ಮ ಜಾಗ. ಮಾಡೆಲ್‌ಗೆ ಬಣ್ಣ ಕೊಡಬೇಡಿ. ಬಣ್ಣ ಕೊಟ್ಟರೆ ನಿಖರತೆ ಏರುತ್ತದೆ, ನಿಜ. ಏರುವುದು ‘ಕೆಂಪೆಂದರೆ ದೀರ್ಘವೃತ್ತ’ ಎಂಬ ಸಾಮಾನ್ಯ ನಿಯಮವನ್ನು ಅದು ಕಂಠಪಾಠ ಮಾಡುವುದರಿಂದ. ನಾವು ಹುಡುಕುತ್ತಿರುವುದೇ ಆ ನಿಯಮ ಮೀರಿದವನ್ನು. ಬಣ್ಣ ಕಲಿತ ಮಾಡೆಲ್ ಕೆಂಪು ಸುರುಳಿಯನ್ನೆಲ್ಲ ದೀರ್ಘವೃತ್ತ ಎಂದು ಕರೆದು, ಉತ್ತರವನ್ನೇ ಅಳಿಸಿಹಾಕುತ್ತದೆ. ರೆಡ್‌ಶಿಫ್ಟ್, ನಿರಪೇಕ್ಷ ಕಾಂತಿಮಾನಗಳನ್ನೂ ಇದೇ ಕಾರಣಕ್ಕೆ ಹೊರಗಿಡಿ. ಕೊಡಬೇಕಾದ್ದು ಆಕಾರದ ಅಳತೆಗಳು: ಸಾಂದ್ರತಾ ಸೂಚಿ, ಫ್ರ್ಯಾಕ್‌ಡೆವ್ (ಬೆಳಕಿನ ಹರವು ಎಷ್ಟು ದೀರ್ಘವೃತ್ತದಂತಿದೆ ಎಂಬ ಪಾಲು), ಅಕ್ಷಗಳ ಅನುಪಾತ, ಆರ್50ರೊಳಗಿನ ಮೇಲ್ಮೈ ಕಾಂತಿ.

ರ‍್ಯಾಂಡಮ್ ಫಾರೆಸ್ಟ್‌ನಲ್ಲಿ (ಹಲವು ನಿರ್ಧಾರ-ಮರಗಳ ಮತ ಸೇರಿಸಿ ವರ್ಗ ಹೇಳುವ ವಿಧಾನ) 300 ಮರ, ಎಲೆಗೆ ಕನಿಷ್ಠ 5 ಗ್ಯಾಲಕ್ಸಿ, ‘ಕ್ಲಾಸ್_ವೇಟ್’ ಬ್ಯಾಲೆನ್ಸ್‌ಡ್. 50 ಸಾವಿರ ಸಾಲಿಗೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಇದು ಹೊತ್ತು ತೆಗೆದುಕೊಳ್ಳುವುದಿಲ್ಲ. ಕಲಿಕೆ–ಪರೀಕ್ಷೆ ವಿಭಜನೆಯನ್ನು ಯಾದೃಚ್ಛಿಕವಾಗಿ ಮಾಡದೆ ‘ಗ್ರೂಪ್‌ಕೆಫೋಲ್ಡ್’ನಲ್ಲಿ ‘ರನ್’ ಕಾಲಂ ಕೊಟ್ಟು ಮಾಡಿ. ಒಂದು ರನ್‌ನ ಚಿತ್ರಗಳೆಲ್ಲ ಒಂದೇ ರಾತ್ರಿಯ ವಾತಾವರಣದವು. ಅವು ಎರಡೂ ಕಡೆ ಹಂಚಿದರೆ ಮಾಡೆಲ್ ಆ ರಾತ್ರಿಯನ್ನೇ ಕಲಿಯುವ ಅಪಾಯವಿದೆ. ಒಂದೇ ನಿಖರತೆಯ ಅಂಕಿ ಕೊಡದೆ ಯಾವುದನ್ನು ಯಾವುದೆಂದು ಕರೆಯಿತೆಂದು ತೋರಿಸುವ ಗೊಂದಲ ಕೋಷ್ಟಕವನ್ನು ಪೂರ್ತಿ ಬರೆಯಿರಿ. ಪಕ್ಕದಲ್ಲಿ 2.6ರ ಸರಳ ಗೆರೆ ಎಷ್ಟು ಸರಿ ಹೇಳುತ್ತದೆ ಎಂಬುದೂ ಇರಲಿ. ಫಾರೆಸ್ಟ್ ಅದಕ್ಕಿಂತ ಸ್ವಲ್ಪವೇ ಮೇಲಿದ್ದರೆ ಗೆರೆಯನ್ನೇ ಬಳಸಿ. ಅದನ್ನು ಇನ್ನೊಬ್ಬರಿಗೆ ಒಂದು ವಾಕ್ಯದಲ್ಲಿ ವಿವರಿಸಬಹುದು.

ಹೆಜ್ಜೆ 7: ಅಪವಾದಗಳನ್ನು ಹೆಕ್ಕುವುದು

ಸುರುಳಿ ಸಂಭಾವ್ಯತೆ 0.8ಕ್ಕಿಂತ ಹೆಚ್ಚು, ಬಣ್ಣ ಕೆಂಪು ಪಟ್ಟಿಯಲ್ಲಿ: ಇವು ಅಭ್ಯರ್ಥಿ ಕೆಂಪು ಸುರುಳಿಗಳು. ಪಟ್ಟಿ ಉದ್ದವಾಗಿಯೇ ಬರುತ್ತದೆ, ಬಹುಪಾಲು ಸುಳ್ಳು. ಅಂಚಿನಿಂದ ಕಾಣುವ ಸುರುಳಿಯಲ್ಲಿ ಬೆಳಕು ಅದರದೇ ದೂಳಿನ ಪದರವನ್ನು ಉದ್ದಕ್ಕೆ ಹಾದು ಬರುವುದರಿಂದ ನೀಲಿ ಹೀರಿಹೋಗಿ ಕೆಂಪಾಗಿ ತೋರುತ್ತದೆ. ಮುಖಾಮುಖಿ ಕಾಣುವವನ್ನಷ್ಟೇ ಇಡಿ: ಅಕ್ಷಗಳ ಅನುಪಾತವಾದ ಎಕ್ಸ್‌ಪ್‌ಎಬಿ 0.6ಕ್ಕಿಂತ ಹೆಚ್ಚು, ಪಿ_ಎಡ್ಜ್ ಕಡಿಮೆ. ಪಿ_ಎಂಜಿ ಹೆಚ್ಚಿದ್ದರೆ ಅದು ಡಿಕ್ಕಿಯಾಗುತ್ತಿರುವ ಜೋಡಿ. ಬೇರೆ ಪಟ್ಟಿಗೆ ಹಾಕಿ.

ನೀಲಿ ದೀರ್ಘವೃತ್ತಗಳ ಪಟ್ಟಿಗೆ ರೋಹಿತ ಬೇಕು, ಏಕೆಂದರೆ ನಡುವಿನ ಕಪ್ಪುಕುಳಿಯ ಸುತ್ತಲ ಹೊಳಪೂ ನೀಲಿಯಾಗಿ ಕಾಣುತ್ತದೆ. ‘ಗ್ಯಾಲ್‌ಸ್ಪೆಕ್‌ಎಕ್ಸ್‌ಟ್ರಾ’ ಕೋಷ್ಟಕವನ್ನು ಸ್ಪೆಕ್‌ಆಬ್ಜ್‌ಐಡಿಯಿಂದ ಜೋಡಿಸಿದರೆ ‘ಬಿಪಿಟಿಕ್ಲಾಸ್’ ಸಿಗುತ್ತದೆ. ಆಮ್ಲಜನಕ–ಹೈಡ್ರೋಜನ್, ಸಾರಜನಕ–ಹೈಡ್ರೋಜನ್ ರೇಖೆಗಳ ಅನುಪಾತದಿಂದ ನಕ್ಷತ್ರ ಹುಟ್ಟಿನ ಬೆಳಕನ್ನೂ ಕಪ್ಪುಕುಳಿಯ ಬೆಳಕನ್ನೂ ಬೇರ್ಪಡಿಸುವ, 1981ರಿಂದ ಬಳಕೆಯಲ್ಲಿರುವ ವಿಧಾನ ಅದು.

ಪೂರ್ವನಿರ್ಧಾರವಿಲ್ಲದ ಹುಡುಕಾಟವೂ ಬೇಕೆನಿಸಿದರೆ ಎಲ್ಲ ಕಾಲಂಗಳನ್ನು ಒಂದೇ ಮಾಪನಕ್ಕೆ ತಂದು, ಉಳಿದವುಗಳಿಂದ ಬೇರೆಯಾಗಿ ನಿಲ್ಲುವುದನ್ನು ಹೆಕ್ಕುವ ಐಸೊಲೇಶನ್ ಫಾರೆಸ್ಟ್ ಓಡಿಸಿ, ಅತಿ ವಿಚಿತ್ರವಾದ 200ನ್ನು ತೆಗೆಯಿರಿ. ಕೆ-ಮೀನ್ಸ್ ಬೇಡ: 5 ಗುಂಪು ಕೇಳಿದರೆ ಗುಂಪೇ ಇಲ್ಲದ ಕಡೆಯೂ ಅದು 5 ಗುಂಪು ಕೊಡುತ್ತದೆ. ಆ 200ರಲ್ಲಿ ಹೆಚ್ಚಿನವು ಪಕ್ಕದ ಪ್ರಕಾಶಮಾನ ನಕ್ಷತ್ರದ ಪ್ರಭೆ, ಉಪಗ್ರಹದ ಗೀರು, ಅಂಟಿಕೊಂಡ ಎರಡು ವಸ್ತುಗಳು. ಸ್ಕೈಸರ್ವರ್‌ನ ‘ಇಮೇಜ್ ಲಿಸ್ಟ್’ಗೆ ಆರ್‌ಎ, ಡೆಕ್ ಅಂಟಿಸಿದರೆ ಚಿತ್ರಗಳು ಸಾಲಾಗಿ ಬರುತ್ತವೆ. ಪ್ರತಿಯೊಂದನ್ನೂ ಕಣ್ಣಾರೆ ನೋಡಿ. ಗ್ಯಾಲಕ್ಸಿ ಝೂದ ಸ್ವಯಂಸೇವಕರು ‘ಹಸಿರು ಬಟಾಣಿ’ಗಳನ್ನು ಗುರುತಿಸಿದ್ದು ಹಾಗೆ ನೋಡುತ್ತಲೇ. ಆಮ್ಲಜನಕದ 5007 ಆಂಗ್‌ಸ್ಟ್ರಾಂ ರೇಖೆ ರೆಡ್‌ಶಿಫ್ಟ್‌ನಿಂದ ಸರಿದು ಆರ್ ಫಿಲ್ಟರ್‌ಗೆ ಬಿದ್ದು, ಸ್ಲೋನ್ ಚಿತ್ರದಲ್ಲಿ ಆ ಫಿಲ್ಟರ್‌ಗೆ ಕೊಟ್ಟ ಹಸಿರಿನಲ್ಲಿ ಹೊಳೆಯುತ್ತಿದ್ದ ಪುಟ್ಟ ಗ್ಯಾಲಕ್ಸಿಗಳವು.

ಹೆಜ್ಜೆ 8: ನೆರೆಹೊರೆ

ಪ್ರತಿ ಗ್ಯಾಲಕ್ಸಿಗೆ ಸೆಕೆಂಡಿಗೆ 1000 ಕಿ.ಮೀ. ವೇಗವ್ಯತ್ಯಾಸದೊಳಗಿನ ಐದನೇ ಹತ್ತಿರದ ನೆರೆಯ ದೂರ ತೆಗೆಯಿರಿ; 5 ಅನ್ನು ಆ ತ್ರಿಜ್ಯದ ವೃತ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸಾಂದ್ರತೆ. ಕೋನದ ದೂರವನ್ನು ಆರ್‌ಎ, ಡೆಕ್‌ಗಳ ನೇರ ವ್ಯತ್ಯಾಸದಿಂದ ತೆಗೆಯಬೇಡಿ. ಡೆಕ್ 60 ಡಿಗ್ರಿಯಲ್ಲಿ ಆರ್‌ಎಯ 1 ಡಿಗ್ರಿ ಆಕಾಶದಲ್ಲಿ ಅರ್ಧ ಡಿಗ್ರಿ ಮಾತ್ರ, ಜೊತೆಗೆ 359.9 ಮತ್ತು 0.1 ನೆರೆಹೊರೆ. ಆಸ್ಟ್ರೋಪೈನ ‘ಸ್ಕೈಕೋಆರ್ಡ್’ ಎರಡನ್ನೂ ನೋಡಿಕೊಳ್ಳುತ್ತದೆ. ಸರ್ವೇಯ ಅಂಚಿನ ಗ್ಯಾಲಕ್ಸಿಗೆ ಅರ್ಧ ನೆರೆಹೊರೆ ಕಾಣದು. ಐದನೇ ನೆರೆಗಿಂತ ಅಂಚೇ ಹತ್ತಿರವಿದ್ದರೆ ಅದನ್ನು ಬಿಡಿ. ಫೈಬರ್ ಡಿಕ್ಕಿಯಲ್ಲಿ ಕಳೆದವುಗಳ ಪರಿಣಾಮ ನೋಡಲು, 55 ಆರ್ಕ್‌ಸೆಕೆಂಡ್‌ನೊಳಗೆ ರೋಹಿತವಿಲ್ಲದ, 17.77ಕ್ಕಿಂತ ಪ್ರಕಾಶಮಾನವಾದ ಗ್ಯಾಲಕ್ಸಿ ಇದ್ದರೆ ಅದಕ್ಕೆ ನೆರೆಯ ರೆಡ್‌ಶಿಫ್ಟನ್ನೇ ಕೊಟ್ಟು ಲೆಕ್ಕವನ್ನು ಇನ್ನೊಮ್ಮೆ ಮಾಡಿ.

ಇಂಥ ಲೆಕ್ಕಕ್ಕೆ ಎಷ್ಟು ಕಸುವಿದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ಪುಣೆಯ ಐಯುಕಾ ಖಗೋಳ ಸಂಶೋಧನಾ ಕೇಂದ್ರದ ಖಗೋಳಜ್ಞರ ನೇತೃತ್ವದ ತಂಡ 2017ರಲ್ಲಿ ಪ್ರಕಟಿಸಿದ ‘ಸರಸ್ವತಿ’ ಮಹಾಗುಚ್ಛ, ಮೀನ ರಾಶಿಯ ದಿಕ್ಕಿನಲ್ಲಿ ರೆಡ್‌ಶಿಫ್ಟ್ 0.28ರ ಸುಮಾರಿಗೆ ಇರುವ ಆ ಬೃಹತ್ ಜಾಲ, ಕಂಡದ್ದು ಇದೇ ಸ್ಲೋನ್ ದತ್ತಾಂಶದಲ್ಲಿ.

ಕೆಂಪು ಸುರುಳಿಗಳ ಸಾಂದ್ರತೆಯನ್ನು ಎಲ್ಲ ಸುರುಳಿಗಳ ಜೊತೆ ಹಾಗೆಯೇ ಹೋಲಿಸಬೇಡಿ. ಕೆಂಪು ಸುರುಳಿಗಳು ಹೆಚ್ಚು ದ್ರವ್ಯರಾಶಿಯವಾಗಿದ್ದರೆ, ಭಾರದ ಗ್ಯಾಲಕ್ಸಿಗಳು ಹೇಗೂ ಗುಂಪಿನಲ್ಲೇ ಹೆಚ್ಚು. ಒಂದೊಂದು ಕೆಂಪು ಸುರುಳಿಗೂ ‘ಎಲ್‌ಜಿಎಂ_ಟಾಟ್_ಪಿ50’ ಕಾಲಂನ (ಇದೂ ಗ್ಯಾಲ್‌ಸ್ಪೆಕ್‌ಎಕ್ಸ್‌ಟ್ರಾದ್ದು) ದ್ರವ್ಯರಾಶಿಯಲ್ಲಿ 0.1, ರೆಡ್‌ಶಿಫ್ಟ್‌ನಲ್ಲಿ 0.005ರೊಳಗೆ ಹೊಂದುವ ಮೂರು ನೀಲಿ ಸುರುಳಿಗಳನ್ನು ಆಯ್ದು, ಅವುಗಳ ಜೊತೆ ಹೋಲಿಸಿ.

ಹೆಜ್ಜೆ 9: ಆಳದ ಚಿತ್ರದಲ್ಲಿ ಮರುಪರೀಕ್ಷೆ

ಉಳಿದ ಅಭ್ಯರ್ಥಿಗಳನ್ನು ಲೆಗಸಿ ಸರ್ವೇಸ್‌ನ ವೀಕ್ಷಕದಲ್ಲಿ ತೆರೆಯಿರಿ. ಗ್ಯಾಲಕ್ಸಿಗಳ ರೋಹಿತ ತೆಗೆಯುವ ಡೆಸಿ ಯೋಜನೆಗಾಗಿ ತೆಗೆದ ಈ ಚಿತ್ರಗಳು ಸ್ಲೋನ್‌ಗಿಂತ ಒಂದು ಕಾಂತಿಮಾನಕ್ಕೂ ಹೆಚ್ಚು ಆಳ. ಸ್ಲೋನ್‌ನಲ್ಲಿ ನಯವಾಗಿದ್ದ ನೀಲಿ ದೀರ್ಘವೃತ್ತದ ಸುತ್ತ ಇಲ್ಲಿ ಮಸುಕಾದ ತೋಳು ಕಾಣಬಹುದು. ಆಗ ಅದು ಪಟ್ಟಿಯಿಂದ ಹೊರಗೆ. ಚಿಪ್ಪಿನಂಥ ಕಮಾನು ಅಥವಾ ಬಾಲ ಕಂಡರೆ ಹಿಂದೊಮ್ಮೆ ಇನ್ನೊಂದು ಗ್ಯಾಲಕ್ಸಿಯನ್ನು ನುಂಗಿದ ಗುರುತು. ಅದು ಪಟ್ಟಿಯ ಅತ್ಯಮೂಲ್ಯ ಸಾಲು. ಇಬ್ಬರು ಬೇರೆ ಬೇರೆಯಾಗಿ, ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣದಂತೆ, ‘ಹೌದು, ಅಲ್ಲ, ಹೇಳಲಾಗದು’ ಎಂದು ಗುರುತು ಹಾಕಲಿ. ಉಡುಪಿ, ಮಂಗಳೂರಿನ ಖಗೋಳಾಸಕ್ತರ ಕೂಟಗಳಿಗೆ ಮಳೆಗಾಲದ ಭಾನುವಾರಗಳಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಸಿಗದು. ಗುರುತು ಹಾಕಿದ ಕಡತದ ಜೊತೆ ಎಸ್‌ಕ್ಯೂಎಲ್ ಪಠ್ಯ, ಡೇಟಾ ರಿಲೀಸ್, ಇಳಿಸಿದ ದಿನಾಂಕ, ಮಾಡೆಲ್‌ಗೆ ಕೊಟ್ಟ ‘ರ‍್ಯಾಂಡಮ್ ಸ್ಟೇಟ್’, ಪ್ರತಿ ಷರತ್ತಿನ ನಂತರ ಉಳಿದ ಸಂಖ್ಯೆ, ಇಷ್ಟನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಮುಂದಿನ ಜೂನ್‌ನಲ್ಲಿ ಬೇರೊಬ್ಬರು ಅದನ್ನು ತೆರೆದರೆ ಅದೇ ಪಟ್ಟಿ ಮತ್ತೆ ಬರಬೇಕು.